ನೆಲ ಸೊನ್ನೆಯೋ, ಒಂದೋ?

ಈ ತಿಂಗಳ ಅಂಚೆಯಲ್ಲಿ ಗೋಡೆ ಬಿರುಕು, ಸೋರುವ ತಾರಸಿಗಳಿಗಿಂತ ಮಹಡಿ ಎಣಿಕೆಯ ತಕರಾರುಗಳೇ ಹೆಚ್ಚು. ಅವುಗಳ ಜೊತೆಗೆ ನಕ್ಷೆ ಬರೆಯುವ ಸಾಫ್ಟ್‌ವೇರ್ ಕೊಡುವ ಕಾಟ. ಎರಡಕ್ಕೂ ನಂಟು ಇರುವುದರಿಂದ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

*

ಬೆಂಗಳೂರಿನ ಸಣ್ಣ ಕಚೇರಿಯೊಂದರಲ್ಲಿ ಅಮೆರಿಕದ ಆರ್ಕಿಟೆಕ್ಟ್‌ಗಳಿಗೆ ಮನೆಗಳ ಡ್ರಾಯಿಂಗ್ ಮಾಡಿಕೊಡುತ್ತೇನೆ. ‘ಫಸ್ಟ್ ಫ್ಲೋರ್ ಬಾತ್‌ರೂಮಿನ ಬಾಗಿಲು ತಿರುಗಿಸಿ’ ಎಂದು ಬರೆದಿದ್ದರು. ತಿರುಗಿಸಿ ಕಳಿಸಿದೆ. ಅವರು ಕೇಳಿದ್ದು ನೆಲಮಹಡಿಯ ಬಾತ್‌ರೂಮ್, ನಾನು ಬದಲಿಸಿದ್ದು ಅದರ ಮೇಲಿನದನ್ನು. ನಮ್ಮ ಸೀನಿಯರ್ ‘ಸಾಫ್ಟ್‌ವೇರ್ ಸೆಟ್ಟಿಂಗ್ ಸರಿ ಮಾಡಿಕೋ’ ಅನ್ನುತ್ತಾರೆ. ಅಂಥ ಸೆಟ್ಟಿಂಗ್ ಇದೆಯೇ? ನಿಜಕ್ಕೂ ಯಾರ ಲೆಕ್ಕ ಸರಿ?

ಅವರ ಊರಿನಲ್ಲಿ ಅವರದು ಸರಿ, ನಮ್ಮ ಊರಿನಲ್ಲಿ ನಮ್ಮದು. ಅಮೆರಿಕ, ರಷ್ಯ, ಚೀನ, ಜಪಾನ್‌ಗಳಲ್ಲಿ ನೆಲವೇ ಒಂದನೆಯ ಮಹಡಿ. ಬ್ರಿಟನ್, ಜರ್ಮನಿ, ಫ್ರಾನ್ಸ್‌ಗಳಲ್ಲಿ ನೆಲಕ್ಕೆ ಬೇರೆ ಹೆಸರು, ಒಂದು ಶುರುವಾಗುವುದು ಅದರ ಮೇಲಿನಿಂದ. ನಾವು ಬ್ರಿಟಿಷರಿಂದ ಕಲಿತವರು, ಅದನ್ನೇ ಉಳಿಸಿಕೊಂಡಿದ್ದೇವೆ. ಹಾಗೆಂದು ಭೂಪಟ ನೋಡಿ ಊಹೆ ಮಾಡಲು ಹೋಗಬೇಡಿ. ಯುರೋಪಿನಲ್ಲೇ ನಾರ್ವೆ, ಫಿನ್ಲೆಂಡ್‌ನವರು ನೆಲವನ್ನು ಒಂದು ಎನ್ನುತ್ತಾರೆ. ಬ್ರಿಟಿಷರು ಆಳಿದ ಹಾಂಗ್‌ಕಾಂಗ್ ನಮ್ಮಂತೆ ಎಣಿಸಿದರೆ, ಅವರೇ ಆಳಿದ ಸಿಂಗಪುರದ ಸರ್ಕಾರಿ ವಸತಿ ಕಟ್ಟಡಗಳಲ್ಲಿ ನೆಲಕ್ಕೇ 01.

ಇನ್ನು ಸೆಟ್ಟಿಂಗ್ ವಿಷಯ. ಸೀನಿಯರ್ ಹೇಳಿದ್ದು ಅರ್ಧ ನಿಜ. ಆರ್ಕಿಕ್ಯಾಡ್ ಎಂಬ ನಕ್ಷೆ ಸಾಫ್ಟ್‌ವೇರ್ ಹುಟ್ಟಿದ್ದು ಹಂಗೇರಿಯಲ್ಲಿ, ಅಲ್ಲಿ ನೆಲಮಹಡಿ ಬೇರೆ, ಮೊದಲ ಮಹಡಿ ಬೇರೆ. ಹಾಗಾಗಿ ಅದರ ಒಳಲೆಕ್ಕದಲ್ಲಿ ನೆಲ ಸೊನ್ನೆ, ಮೇಲಕ್ಕೆ 1, 2, ಕೆಳಕ್ಕೆ -1, -2. ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ಆವೃತ್ತಿ ಮಾಡಿ ಮಾರುವಾಗ ಸೊನ್ನೆಯನ್ನು ನುಂಗಿಬಿಡುವ ಒಂದು ಗುರುತನ್ನೂ ಒಳಗೆ ಇಟ್ಟಿದ್ದಾರೆ. ಅದು ಚಾಲೂ ಇರುವ ಆವೃತ್ತಿಯಲ್ಲಿ ನೆಲ 1, ಅದರ ಕೆಳಗಿನದು ನೇರ -1. ಫೈಲು ಒಂದೇ ಆದರೂ ತೋರುವ ಅಂಕಿ ಬೇರೆಯಾಗಲು ಇಷ್ಟು ಸಾಕು.

ರೆವಿಟ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಇಂಥ ಗುರುತು ಇಲ್ಲ. ಅಲ್ಲಿ ಹೆಸರು ಬರೀ ಹೆಸರು. ಅಮೆರಿಕನ್ ಟೆಂಪ್ಲೇಟ್ ತೆರೆದರೆ ನೆಲಕ್ಕೆ ‘ಲೆವೆಲ್ 1’ ಎಂದು ಬಂದಿರುತ್ತದೆ. ನಮ್ಮವರು ಅದನ್ನು ‘ಗ್ರೌಂಡ್ ಫ್ಲೋರ್’ ಎಂದು ತಿದ್ದುತ್ತಾರೆ. ತಕ್ಷಣ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ: ಇದಕ್ಕೆ ಹೊಂದುವ ಪ್ಲಾನ್‌ಗಳ ಹೆಸರನ್ನೂ ಬದಲಿಸಲೇ? ಅವಸರದಲ್ಲಿ ‘ಬೇಡ’ ಒತ್ತಿದರೆ ಎಲಿವೇಶನ್‌ನಲ್ಲಿ ಗ್ರೌಂಡ್ ಫ್ಲೋರ್, ಪ್ಲಾನ್ ಪಟ್ಟಿಯಲ್ಲಿ ಅದೇ ಮಹಡಿ ‘ಲೆವೆಲ್ 1’ ಆಗಿಯೇ ಉಳಿಯುತ್ತದೆ. ಮಹಡಿ ತಪ್ಪಿದ ಎಷ್ಟೋ ಡ್ರಾಯಿಂಗ್‌ಗಳ ಮೂಲ ಈ ಒಂದು ಕ್ಲಿಕ್ಕು. ನಿಮ್ಮ ಫೈಲಿನಲ್ಲೂ ಮೊದಲು ಇದನ್ನೇ ನೋಡಿ.

ನನ್ನ ಕೇಳಿದರೆ, ಮಹಡಿ ನಂಬರ್ ಇರುವುದು ಮನೆಯಲ್ಲಿ ವಾಸಿಸುವವರಿಗೆ. ಕಟ್ಟುವವರು ನಂಬಬೇಕಾದ್ದು ಎತ್ತರವನ್ನು. ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಮಾಡೆಲ್ ಸಾಗಿಸುವ ಐಎಫ್‌ಸಿ ಕಡತದಲ್ಲೂ ಮಹಡಿಗೆ ಹೆಸರು ಇದೆ, ಎತ್ತರ ಇದೆ, ‘ಎಷ್ಟನೇ ಮಹಡಿ’ ಎಂಬ ಅಂಕಣವೇ ಇಲ್ಲ. ಅಮೆರಿಕದವರು ಎಷ್ಟೋ ಸಲ ನೆಲಮಹಡಿಯ ಮಟ್ಟವನ್ನೇ 100 ಅಡಿ ಎಂದು ಬರೆಯುತ್ತಾರೆ, ನೋಡಿ ಗಾಬರಿಯಾಗಬೇಡಿ. ನೆಲಮಾಳಿಗೆಗೆ, ಪಾಯಕ್ಕೆ ಮೈನಸ್ ಚಿಹ್ನೆ ಬರಬಾರದೆಂದು ಮಾಡಿಕೊಂಡ ಉಪಾಯ ಅದು. ಡ್ರಾಯಿಂಗ್‌ನಲ್ಲಿ ಮೈನಸ್ ಗೆರೆ ಅಳಿಸಿಹೋಗಿ ಆದ ಅನಾಹುತ ಕಂಡವರಿಗೆ ಅದರ ಬೆಲೆ ಗೊತ್ತು.

ಹಾಗಾಗಿ ಇಮೇಲ್‌ನಲ್ಲಿ ‘ಫಸ್ಟ್ ಫ್ಲೋರ್’ ಎಂದಷ್ಟೇ ಬಂದರೆ ಕೆಲಸ ಮುಟ್ಟಬೇಡಿ. ಮರುಪತ್ರದಲ್ಲಿ ‘100 ಅಡಿ ಮಟ್ಟದ್ದೋ, 110 ಅಡಿ ಮಟ್ಟದ್ದೋ’ ಎಂದು ಕೇಳಿ. ಬ್ರಿಟನ್ನಿನ ಕೆಲಸ ಬಂದರೆ ಕಡತದ ಹೆಸರಲ್ಲೇ ಮಹಡಿ ಸಂಕೇತ ಇರುತ್ತದೆ: ನೆಲ 00, ಮೇಲಿನದು 01, ನೆಲಮಾಳಿಗೆ ಬಿ1. ಎರಡಂಕಿಯ ಈ ಪದ್ಧತಿಗೆ ಇನ್ನೊಂದು ಲಾಭವಿದೆ. ‘ಲೆವೆಲ್ 2’ ಎಂದು ಬರೆದರೆ ಕಂಪ್ಯೂಟರಿನ ಪಟ್ಟಿಯಲ್ಲಿ 10 ಬಂದು 2ರ ಮುಂದೆ ಕೂರುವುದುಂಟು, 02 ಎಂದರೆ ಆ ರಗಳೆಯಿಲ್ಲ.

*

ಹೊಸ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ನೋಡಿದ್ದೇವೆ. ಕ್ರಯಪತ್ರದ ಕರಡಿನಲ್ಲಿ ‘ಮೂರನೇ ಮಹಡಿ’ ಎಂದಿದೆ. ಲಿಫ್ಟ್‌ನಲ್ಲಿ ಹೋದರೆ 4 ಒತ್ತಬೇಕು. ಬಿಲ್ಡರ್ ಕೇಳಿದರೆ ‘ಎಲ್ಲಾ ಒಂದೇ ಸರ್’ ಎಂದು ನಗುತ್ತಾರೆ. ರಿಜಿಸ್ಟ್ರೇಷನ್ ಮಾಡಿಸಬಹುದೇ?

ಎಲ್ಲಾ ಒಂದೇ ಅಲ್ಲ. ನಿಮ್ಮ ಕಟ್ಟಡದ ಕೆಳಗೆ ಕಾರು ನಿಲ್ಲಿಸುವ ಸ್ಟಿಲ್ಟ್ ಇರಬೇಕು. ಲಿಫ್ಟ್ ಹಾಕಿದವರು ಸ್ಟಿಲ್ಟನ್ನೇ ‘ಜಿ’ ಎಂದು ಹಿಡಿದಿದ್ದಾರೆ, ಅದರ ಮೇಲಿನದು 1. ಪತ್ರ ಬರೆದವರು ಸ್ಟಿಲ್ಟನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಅದರ ಮೇಲಿನ ಮೊದಲ ವಾಸದ ಮಹಡಿಯನ್ನು ನೆಲಮಹಡಿ ಎಂದಿದ್ದಾರೆ. ಎರಡೂ ಚಾಲ್ತಿಯಲ್ಲಿವೆ, ಯಾವುದೂ ಮೋಸವಲ್ಲ. ಆದರೆ ಒಂದೇ ಫ್ಲ್ಯಾಟಿಗೆ ಎರಡು ಲೆಕ್ಕ ಓಡಾಡುತ್ತಿರುವಾಗ ಸಹಿ ಹಾಕಬಾರದು.

ಮಂಜೂರಾದ ನಕ್ಷೆಯ ಪ್ರತಿ ಕೇಳಿ ಪಡೆಯಿರಿ. ಎಲ್ಲರೂ ಪ್ಲಾನ್ ನೋಡುತ್ತಾರೆ, ನೀವು ಸೆಕ್ಷನ್ ನೋಡಿ, ಅಂದರೆ ಕಟ್ಟಡವನ್ನು ಮೇಲಿನಿಂದ ಕೆಳಗೆ ಸೀಳಿ ತೋರಿಸಿದ ಚಿತ್ರ. ರಸ್ತೆ ಮಟ್ಟದಿಂದ ಒಂದೊಂದೇ ಮೋಲ್ಡ್ ಎಣಿಸುತ್ತಾ ನಿಮ್ಮ ಫ್ಲ್ಯಾಟಿನ ತನಕ ಬನ್ನಿ. ಅಲ್ಲಿ ಬರೆದಿರುವ ಮಹಡಿಯ ಹೆಸರೇ ಕ್ರಯಪತ್ರದ ಷೆಡ್ಯೂಲಿನಲ್ಲೂ ಬರಬೇಕು, ಫ್ಲ್ಯಾಟ್ ನಂಬರ್, ಚಕ್ಕುಬಂದಿ ಸಮೇತ. ವಕೀಲರಿಗೆ ಹೇಳಿ ‘ಸ್ಟಿಲ್ಟ್ ಮೇಲಿನ ನಾಲ್ಕನೆಯ ವಾಸದ ಮಹಡಿ’ ಎಂದು ಒಂದು ಸಾಲು ಹೆಚ್ಚಿಗೆ ಸೇರಿಸಿದರೆ ನಷ್ಟವಿಲ್ಲ.

ಎಣಿಸುತ್ತಾ ಹೋದಾಗ ನಿಮ್ಮ ಫ್ಲ್ಯಾಟಿಗೆ ಮುಂಚೆಯೇ ಸೆಕ್ಷನ್ನಿನಲ್ಲಿ ತಾರಸಿ ಬಂದುಬಿಟ್ಟರೆ ಅದು ಎಣಿಕೆಯ ತಕರಾರಲ್ಲ, ಮಂಜೂರಾತಿ ಇಲ್ಲದ ಮಹಡಿ. ಅಡ್ವಾನ್ಸ್ ವಾಪಸ್ ಕೇಳಿ.

ವಾಸಕ್ಕೆ ಹೋದ ಮೇಲೂ ಒಂದು ಮಾತು ನೆನಪಿಡಿ. ಬೆಂಕಿಯೋ ಆಂಬುಲೆನ್ಸೋ ಎಂದು 112ಕ್ಕೆ ಕರೆ ಮಾಡುವಾಗ ‘ಮೂರನೇ ಮಹಡಿ’ ಎಂದು ನಿಲ್ಲಿಸಬೇಡಿ. ಫ್ಲ್ಯಾಟ್ ನಂಬರ್ ಹೇಳಿ, ‘ಲಿಫ್ಟ್‌ನಲ್ಲಿ 4’ ಎಂದೂ ಹೇಳಿ. ಮೆಟ್ಟಿಲು ಹತ್ತಿ ಬರುವವರಿಗೆ ಬೇಕಾದ್ದು ಅದು.

*

ವಿದೇಶಗಳಲ್ಲಿ 13ನೇ ಮಹಡಿ ಇರುವುದಿಲ್ಲವಂತೆ, ಹೌದೇ? — ನಿವೃತ್ತ ಶಿಕ್ಷಕರು, ಹಾಸನ

ಮಹಡಿ ಇರುತ್ತದೆ, ನಂಬರ್ ಇರುವುದಿಲ್ಲ. ಅಮೆರಿಕದಲ್ಲಿ 13 ಹಾರಿಸಿದರೆ, ಚೀನೀಯರಿರುವ ಕಡೆ 4 ಹಾರಿಸುತ್ತಾರೆ. ಅಪಶಕುನದ ನೆಪದಲ್ಲಿ ವ್ಯಾಪಾರವೂ ನಡೆಯುತ್ತದೆ. ನ್ಯೂಯಾರ್ಕಿನ ಟ್ರಂಪ್ ಟವರ್‌ನಲ್ಲಿ ಇರುವುದು 58 ಮಹಡಿ, ನಂಬರ್ 68ರ ತನಕ ಹೋಗುತ್ತದೆ. ಹಾಂಗ್‌ಕಾಂಗಿನ ಕಾಂಡ್ಯೂಟ್ ರಸ್ತೆಯ 39ನೇ ನಂಬರಿನ ಕಟ್ಟಡ ಇದಕ್ಕೂ ಮೀರಿದ್ದು: 50 ಮಹಡಿಯೂ ಇಲ್ಲದ ಕಟ್ಟಡದ ತುದಿಗೆ 88 ಎಂದು ನಂಬರ್, 2009ರಲ್ಲಿ ಅದು ದೊಡ್ಡ ಸುದ್ದಿಯಾಗಿತ್ತು. ಕೆನಡಾದ ವ್ಯಾಂಕೂವರ್ ನಗರ ಮಾತ್ರ 2015ರಲ್ಲಿ ಇನ್ನು ಮುಂದೆ ಯಾವ ಅಂಕಿಯನ್ನೂ ಬಿಡುವಂತಿಲ್ಲ ಎಂದಿತು. ಅಗ್ನಿಶಾಮಕದವರು ಮಹಡಿ ಎಣಿಸಿಕೊಂಡು ಹತ್ತಬೇಕಲ್ಲ!

*

ಕೆಂಗೇರಿ ಹತ್ತಿರ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮಗ ಸ್ಕೆಚ್‌ಅಪ್‌ನಲ್ಲಿ ಮನೆ ಮಾಡಿ, ಬಿಸಿಲು ಹೇಗೆ ಬೀಳುತ್ತದೆ ಎಂದು ತೋರಿಸಿದ. ಜೂನ್ ತಿಂಗಳ ನಡುಮಧ್ಯಾಹ್ನವೂ ಉತ್ತರದ ಗೋಡೆ ಪೂರ್ತಿ ನೆರಳು. ‘ಉತ್ತರದ ಕಿಟಕಿಗೆ ಸಜ್ಜಾ ದಂಡ, ಡಿಸೆಂಬರಿನಲ್ಲಿ ದಕ್ಷಿಣದಿಂದ ಹಾಲ್ ತುಂಬಾ ಬಿಸಿಲು ಬರುತ್ತೆ’ ಅನ್ನುತ್ತಾನೆ. ಮೇಸ್ತ್ರಿ ಒಪ್ಪುತ್ತಿಲ್ಲ. ಯಾರ ಮಾತು ಕೇಳಲಿ?

ಮೇಸ್ತ್ರಿ ಮಾತು ಕೇಳಿ, ತಾಯಿ. ನಿಮ್ಮ ಮಗ ಮಾದರಿ ಚೆನ್ನಾಗಿಯೇ ಮಾಡಿರಬೇಕು. ಆದರೆ ಆ ಮನೆ ಕೆಂಗೇರಿಯಲ್ಲಿಲ್ಲ, ಅಮೆರಿಕದ ಕೊಲೊರಾಡೊದಲ್ಲಿದೆ. ಜಾಗ ಯಾವುದೆಂದು ನಾವು ಹೇಳದೆ ಬಿಟ್ಟರೆ ಸ್ಕೆಚ್‌ಅಪ್ ತನ್ನ ತವರಾದ ಬೌಲ್ಡರ್ ಊರಿನ ಸೂರ್ಯನನ್ನು ತೋರಿಸುತ್ತದೆ. ಆ ಊರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ನಾವು ಸುಮಾರು 13ರಲ್ಲಿ.

ಈ 27 ಡಿಗ್ರಿ ಏನು ಮಾಡುತ್ತದೆ ನೋಡಿ. ಬೌಲ್ಡರ್‌ನಲ್ಲಿ ವರ್ಷದ ಯಾವ ದಿನವೂ ನಡುಮಧ್ಯಾಹ್ನದ ಸೂರ್ಯ ದಕ್ಷಿಣ ಬಿಟ್ಟು ಕದಲುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋದವನು ಮರಳಿ ನೆತ್ತಿಗೆ ಬರುವುದು ಆಗಸ್ಟ್ 18ರ ಸುಮಾರಿಗೆ. ಕಂಬದ ನೆರಳೇ ಕಾಣದ ಶೂನ್ಯ ನೆರಳಿನ ದಿನಗಳೆಂದು ಮಕ್ಕಳಿಗೆ ಶಾಲೆಯಲ್ಲಿ ತೋರಿಸುವುದು ಇವೇ ಎರಡು ದಿನ. ನಡುವಿನ ಹೆಚ್ಚುಕಡಿಮೆ ನಾಲ್ಕು ತಿಂಗಳು ಉತ್ತರದ ಕಿಟಕಿಗೆ ಬಿಸಿಲುಂಟು. ನಡುಮಧ್ಯಾಹ್ನ ತೀರಾ ಎತ್ತರದಲ್ಲಿರುವುದರಿಂದ ಸಣ್ಣ ಸಜ್ಜಾ ಸಾಕು, ಬೆಳಿಗ್ಗೆ ಸಂಜೆಯ ಓರೆ ಬಿಸಿಲಿಗೆ ಪಕ್ಕದಲ್ಲಿ ನಿಲುವು ಫಿನ್ ಇದ್ದರೆ ಒಳ್ಳೆಯದು. ಮಳೆಯ ಎರಚಲಿಗಂತೂ ನಾಲ್ಕು ದಿಕ್ಕಿಗೂ ಸಜ್ಜಾ ಬೇಕೇ ಬೇಕು, ಅದನ್ನು ಯಾವ ಸಾಫ್ಟ್‌ವೇರೂ ತೋರಿಸುವುದಿಲ್ಲ.

ದಕ್ಷಿಣದ ಲೆಕ್ಕವೂ ಅಷ್ಟೆ. ಡಿಸೆಂಬರ್ 21ರ ನಡುಮಧ್ಯಾಹ್ನ ಬೌಲ್ಡರ್‌ನ ಸೂರ್ಯ ದಿಗಂತದಿಂದ 27 ಡಿಗ್ರಿಗಿಂತ ಮೇಲೇರುವುದಿಲ್ಲ. ಎರಡು ಅಡಿ ಸಜ್ಜಾದ ನೆರಳು ಕಿಟಕಿಯ ಮೇಲೆ ಒಂದಡಿಯಷ್ಟೇ ಇಳಿಯುತ್ತದೆ, ಉಳಿದ ಬಿಸಿಲೆಲ್ಲ ಹಾಲಿನೊಳಕ್ಕೆ. ಕೆಂಗೇರಿಯಲ್ಲಿ ಅದೇ ದಿನ ಸೂರ್ಯ 53-54 ಡಿಗ್ರಿ ಎತ್ತರದಲ್ಲಿರುತ್ತಾನೆ, ಅದೇ ಸಜ್ಜಾದ ನೆರಳು ಎರಡೂ ಮುಕ್ಕಾಲು ಅಡಿಯ ಹತ್ತಿರ ಇಳಿಯುತ್ತದೆ. ನಾಲ್ಕಡಿ ಕಿಟಕಿಯಲ್ಲಿ ಬಿಸಿಲಿಗೆ ಉಳಿಯುವ ಜಾಗ ಎಷ್ಟೆಂದು ಮಗನಿಗೇ ಲೆಕ್ಕ ಹಾಕಲು ಹೇಳಿ.

ಜಾಗ ಕೆಂಗೇರಿ ಎಂದು ಕೊಟ್ಟು, ಸಮಯವಲಯ ಐದೂವರೆ ಗಂಟೆ ಎಂದು ಸರಿಪಡಿಸಿ, ಉತ್ತರ ದಿಕ್ಕನ್ನು ಸೈಟಿಗೆ ಹೊಂದಿಸಿ ಮತ್ತೆ ಓಡಿಸಲಿ. ನಮ್ಮಲ್ಲಿ ನಿಜವಾದ ನಡುಮಧ್ಯಾಹ್ನ ಗಡಿಯಾರದ 12ಕ್ಕಲ್ಲ, 12 ಗಂಟೆ 20 ನಿಮಿಷದ ಆಚೀಚೆ. ಉಪಕರಣ ಒಳ್ಳೆಯದೇ, ಅದಕ್ಕೆ ಊರು ಹೇಳಿಕೊಡಬೇಕಿತ್ತು.

*

ಡಿಪ್ಲೊಮಾ ಓದುತ್ತಿದ್ದೇನೆ. ಹೊಸ ಫೈಲ್ ತೆರೆಯುವಾಗ ಯಾವ ಟೆಂಪ್ಲೇಟ್ ಆರಿಸಬೇಕು? ಅಡಿ-ಇಂಚಿನದೋ, ಮಿಲಿಮೀಟರಿನದೋ? ಸೈಟಿನಲ್ಲಿ ಎಲ್ಲರೂ ಅಡಿಯಲ್ಲೇ ಮಾತಾಡುತ್ತಾರೆ. — ದಾವಣಗೆರೆ

ಮಿಲಿಮೀಟರಿನಲ್ಲಿ ಬರೆಯಿರಿ, ಅಡಿಯಲ್ಲಿ ಮಾತಾಡಿ. ನಮ್ಮ ದೇಶದಲ್ಲಿ ಎರಡು ದೋಣಿಯ ಮೇಲೆ ಕಾಲಿಡದೆ ಗತಿಯಿಲ್ಲ: ಸೈಟು ಅಡಿಯಲ್ಲಿ, ಕಟ್ಟಡ ಚದರದಲ್ಲಿ, ಕಬ್ಬಿಣ ಮಿಲಿಮೀಟರಿನಲ್ಲಿ, ಮಂಜೂರಾತಿ ನಕ್ಷೆ ಮೀಟರಿನಲ್ಲಿ.

ಆಟೊಕ್ಯಾಡ್‌ನಲ್ಲಿ ಎರಡು ಖಾಲಿ ಟೆಂಪ್ಲೇಟ್ ಇರುತ್ತವೆ, ಹೆಸರಿನಲ್ಲಿ ‘ಐಎಸ್‌ಒ’ ಇರುವುದನ್ನೇ ತೆಗೆದುಕೊಳ್ಳಿ. ಇನ್ನೊಂದು ಇಂಚಿನದು. ಗೆಳೆಯರಿಂದ ತಂದ ಬ್ಲಾಕ್ ಹಾಕಿದಾಗ ಮಂಚ ಇಡೀ ಮನೆಗಿಂತ ದೊಡ್ಡದಾಗಿ ಬಂತೆಂದರೆ, ಅಥವಾ ಕಣ್ಣಿಗೇ ಕಾಣದಷ್ಟು ಚಿಕ್ಕದಾಯಿತೆಂದರೆ, 25.4 ಎಂಬ ಅಂಕಿ ನೆನಪಿಸಿಕೊಳ್ಳಿ. ಅದರಿಂದ ಗುಣಿಸಿಯೋ ಭಾಗಿಸಿಯೋ ಸರಿಹೋದರೆ ಕಾರಣ ಸಿಕ್ಕಂತೆ.

ಮೆಟ್ರಿಕ್ ಎಂಬ ಹೆಸರು ನೋಡಿ ಮೋಸ ಹೋಗುವುದೂ ಉಂಟು. ರೆವಿಟ್‌ನ ಮೆಟ್ರಿಕ್ ಸಂಗ್ರಹದಲ್ಲಿ 0915×2134 ಎಂಬ ಬಾಗಿಲು ಸಿಗುತ್ತದೆ. ಅದು 3 ಅಡಿ × 7 ಅಡಿ, ಮಿಲಿಮೀಟರ್ ವೇಷದಲ್ಲಿ ಬಂದದ್ದು. ನೀವು ಲಿಂಟಲ್ ಮಟ್ಟವನ್ನು 2100ಕ್ಕೆ ಇಟ್ಟಿದ್ದರೆ ಬಾಗಿಲು 34 ಮಿ.ಮೀ. ಮೇಲಕ್ಕೆ ಚುಚ್ಚುತ್ತದೆ. ಗೋಡೆಯೂ ಹಾಗೆಯೇ: 9 ಇಂಚು ಎಂದರೆ 228.6, ನಾವು ಬರೆಯುವುದು 230. ಇಂಥ ಕಡೆ ಒಂದು ಪದ್ಧತಿ ಹಿಡಿದು ಕೊನೆತನಕ ಬಿಡಬೇಡಿ.

ಇನ್ನೊಂದು, ಯಾರೂ ಹೇಳಿಕೊಡುವುದಿಲ್ಲ. ರೆವಿಟ್ ಪ್ಲಾನ್ ತೋರಿಸುವುದು ನೆಲದಿಂದ 1200 ಮಿ.ಮೀ. ಎತ್ತರದಲ್ಲಿ ಕಟ್ಟಡವನ್ನು ಕತ್ತರಿಸಿ. ನಮ್ಮ ಬಾತ್‌ರೂಮಿನ ವೆಂಟಿಲೇಟರ್ ಆರಡಿ ಮೇಲಿರುತ್ತದೆ, ಹಾಗಾಗಿ ಪ್ಲಾನಿನಲ್ಲಿ ಅದು ಮಾಯ. ಆ ಜಾಗಕ್ಕೆ ಮಾತ್ರ ಬೇರೆ ಎತ್ತರದಲ್ಲಿ ಕತ್ತರಿಸಲು ‘ಪ್ಲಾನ್ ರೀಜನ್’ ಇದೆ, ಬಳಸಿ. ಇಲ್ಲದಿದ್ದರೆ ಗಾರೆಯವರು ಗೋಡೆ ಪೂರ್ತಿ ಎತ್ತಿದ ಮೇಲೆ ಒಡೆಸಬೇಕಾಗುತ್ತದೆ.

ಜರ್ಮನಿಯ ಡ್ರಾಯಿಂಗ್ ಎಂದಾದರೂ ಕೈಗೆ ಬಂದು ಅದರಲ್ಲಿ 88⁵ ಎಂದು ಕಂಡರೆ ಘಾತ ಎಂದುಕೊಳ್ಳಬೇಡಿ. ಅದು 88 ಸೆಂಟಿಮೀಟರ್ 5 ಮಿಲಿಮೀಟರ್, ಅಲ್ಲಿನ ಬಾಗಿಲಿನ ಅಗಲ.

*

ಅಣ್ಣ ದುಬೈನಲ್ಲಿ ಫ್ಲ್ಯಾಟ್ ಬಾಡಿಗೆಗೆ ಹಿಡಿಯುತ್ತಿದ್ದಾರೆ. ಜಾಹೀರಾತಿನಲ್ಲಿ ಕಟ್ಟಡ ‘2ಬಿ + ಜಿ + 4ಪಿ + 22’ ಎಂದಿದೆ, ಫ್ಲ್ಯಾಟ್ ಮೊದಲ ಮಹಡಿ. ಅತ್ತಿಗೆಗೆ ಎತ್ತರವೆಂದರೆ ಭಯ, ಮೊದಲ ಮಹಡಿ ಆದ್ದರಿಂದ ಒಪ್ಪಿದ್ದಾರೆ. — ಮಂಗಳೂರು

ಅತ್ತಿಗೆಗೆ ಮುಂಗಡವಾಗಿ ಹೇಳಿಬಿಡಿ. ಎರಡು ನೆಲಮಾಳಿಗೆ, ನೆಲ, ಅದರ ಮೇಲೆ ನಾಲ್ಕು ಪೋಡಿಯಂ, ಅವುಗಳಲ್ಲಿ ಹೆಚ್ಚಾಗಿ ಕಾರುಗಳು, ಆಮೇಲೆ 22 ಮಹಡಿ, ಒಟ್ಟು 29 ಅಂತಸ್ತು. ‘ಮೊದಲ ಮಹಡಿ’ ಶುರುವಾಗುವುದೇ ನಾಲ್ಕು ಪೋಡಿಯಂ ಮೇಲೆ. ಮಂಗಳೂರಿನ ಲೆಕ್ಕದಲ್ಲಿ ಅದು ಐದನೇ ಮಹಡಿ. ಪೋಡಿಯಂನ ತಾರಸಿಯಲ್ಲಿ ಈಜುಕೊಳವೋ ಮಕ್ಕಳ ಆಟದ ಜಾಗವೋ ಇರುವುದುಂಟು. ಇದ್ದರೆ, ಅದು ಫ್ಲ್ಯಾಟಿನ ಯಾವ ಬದಿಗೆ ಬರುತ್ತದೆಂದು ಅಣ್ಣ ಕೇಳಲಿ. ಬಾಲ್ಕನಿ ಅದೇ ಬದಿಗಿದ್ದರೆ ಕೆಳಗೆ ಕಾಣುವುದು ರಸ್ತೆಯಲ್ಲ, ಆ ಅಂಗಳ. ಅತ್ತಿಗೆಗೆ ಭಯವಾಗದು, ಸದ್ದು ಮಾತ್ರ ಸಹಿಸಿಕೊಳ್ಳಬೇಕು.