ಲೂಪಸ್ ರೋಗ ಮತ್ತು ತಾಯ್ತನ

ಹೊರಗಿನಿಂದ ಬರುವ ರೋಗಾಣುಗಳೊಡನೆ ಹೋರಾಡಲು ಪ್ರಕೃತಿಯು ನಮ್ಮ ಶರೀರದಲ್ಲಿ ಒಂದು ರಕ್ಷಣಾ ವ್ಯವಸ್ಥೆಯನ್ನು ಇರಿಸಿದೆ. ಕಾವಲುಗಾರನೇ ದಾರಿ ತಪ್ಪಿ ಮನೆಯವರ ಮೇಲೆ ಕೈಮಾಡಿದಂತೆ, ಕೆಲವರಲ್ಲಿ ಈ ವ್ಯವಸ್ಥೆಯು ಸ್ವಂತ ಅಂಗಾಂಗಗಳನ್ನೇ ಪೀಡಿಸತೊಡಗುತ್ತದೆ. ಇಂಥ ರೋಗಗಳಲ್ಲಿ ಲೂಪಸ್ ಒಂದು. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ತೋಳವೆಂದು ಅರ್ಥ. ಕೀಲುನೋವು, ಜ್ವರ, ಆಯಾಸ, ಕೆನ್ನೆಗಳ ಮೇಲೆ ಚಿಟ್ಟೆಯ ರೆಕ್ಕೆಯಂತೆ ಹರಡುವ ಕೆಂಪು, ಇವು ಇದರ ಸಾಮಾನ್ಯ ಲಕ್ಷಣಗಳು. ರೋಗ ಬಲಿತರೆ ಮೂತ್ರಪಿಂಡಗಳಿಗೂ ಹಾನಿಯುಂಟು. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸ್ತ್ರೀಯರು. ಬಹುಮಟ್ಟಿಗೆ ಹೆರುವ ವಯಸ್ಸಿನವರು. ಆದುದರಿಂದ ‘ನಾನು ತಾಯಿಯಾಗಬಹುದೇ?’ ಎಂಬ ಪ್ರಶ್ನೆ ಈ ರೋಗದ ಬೆನ್ನಿಗೇ ಬರುತ್ತದೆ.

ಹಿಂದಿನ ಕಾಲದ ವೈದ್ಯರು ಇದಕ್ಕೆ ‘ಕೂಡದು’ ಎಂದೇ ಉತ್ತರ ಕೊಡುತ್ತಿದ್ದರು. ಇಂದಿನ ಉತ್ತರ ಬೇರೆಯಾಗಿದೆ. ಅಮೆರಿಕ ಮತ್ತು ಕೆನಡಾಗಳಲ್ಲಿ ಲೂಪಸ್ ಇದ್ದ 385 ಮಂದಿ ಗರ್ಭಿಣಿಯರನ್ನು ಕುರಿತು ನಡೆದ ‘ಪ್ರಾಮಿಸ್’ ಎಂಬ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 81 ಮಂದಿಗೆ ದೊಡ್ಡ ತೊಡಕಿಲ್ಲದೆ ಹೆರಿಗೆಯಾಗಿತ್ತು. ಆದರೆ ಒಂದು ಮಾತನ್ನು ಮರೆಯಬಾರದು. ಗರ್ಭದ ಆರಂಭದಲ್ಲಿ ರೋಗವು ಶಾಂತವಾಗಿದ್ದ ಅಥವಾ ಹತೋಟಿಯಲ್ಲಿದ್ದ ಸ್ತ್ರೀಯರನ್ನು ಮಾತ್ರ ಈ ಅಧ್ಯಯನಕ್ಕೆ ಸೇರಿಸಿಕೊಂಡಿದ್ದರು. ಉಳಿದವರಿಗೆ ಈ ಭರವಸೆ ಅನ್ವಯಿಸುವುದಿಲ್ಲ.

ಹಾಗಾದರೆ ಅಪಾಯಗಳಾವುವು? ಮೊದಲನೆಯದು ಮೂತ್ರಪಿಂಡಕ್ಕೆ ಸಂಬಂಧಿಸಿದ್ದು. ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನು ಹೋಗುವ ಪ್ರಿಎಕ್ಲಾಂಪ್ಸಿಯಾ ಎಂಬ ಬಸುರಿನ ನಂಜು ಈ ಸ್ತ್ರೀಯರಲ್ಲಿ ಹೆಚ್ಚು. ಲೂಪಸ್ ಕೆರಳಿದಾಗಲೂ ಇದೇ ಲಕ್ಷಣಗಳು ತೋರುವುದರಿಂದ ಎರಡನ್ನೂ ಬೇರ್ಪಡಿಸಿ ನೋಡುವುದು ವೈದ್ಯರಿಗೇ ಕಷ್ಟ. ಎರಡನೆಯದು, ಕೆಲವರ ರಕ್ತದಲ್ಲಿರುವ ಆ್ಯಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳು. ಇವುಗಳಿಂದ ರಕ್ತ ಹೆಪ್ಪುಗಟ್ಟಬಹುದು. ಮಾಸಿನ ಕೆಲಸ ಕೆಟ್ಟು ಗರ್ಭಪಾತವಾಗಬಹುದು, ಇಲ್ಲವೆ ಶಿಶುವಿನ ಬೆಳವಣಿಗೆ ಕುಂಠಿತವಾಗಬಹುದು. ಇಂಥವರಿಗೆ ಸ್ಥಿತಿಗನುಸಾರವಾಗಿ ಆಸ್ಪಿರಿನ್ ಮತ್ತು ಹೆಪಾರಿನ್ ಕೊಡುತ್ತಾರೆ. ಮೂರನೆಯದು ‘ಆ್ಯಂಟಿ-ರೋ’ ಎಂಬ ಪ್ರತಿಕಾಯ. ಅದು ಮಾಸನ್ನು ದಾಟಿ ಶಿಶುವನ್ನು ಸೇರುತ್ತದೆ. ಅದುಳ್ಳ ತಾಯಂದಿರ ನೂರು ಶಿಶುಗಳಲ್ಲಿ ಸುಮಾರು ಎರಡಕ್ಕೆ ಹೃದಯದ ಬಡಿತ ತಡೆಯುಂಡು ನಿಧಾನವಾಗುತ್ತದೆ. ಸಾಮಾನ್ಯವಾಗಿ 18ರಿಂದ 26ನೆಯ ವಾರದೊಳಗೆ ಇದು ತೋರುವುದರಿಂದ ಆಗ ಶಿಶುವಿನ ಹೃದಯವನ್ನು ಪರೀಕ್ಷಿಸಬೇಕು.

ನಾಲ್ಕನೆಯದು ಔಷಧಗಳ ವಿಷಯ. ಹೆಚ್ಚಿನ ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಮೈಕೊಫಿನೊಲೇಟ್, ಮೆಥೊಟ್ರೆಕ್ಸೇಟ್, ಸೈಕ್ಲೊಫಾಸ್ಫಮೈಡ್‌ಗಳು ಶಿಶುವಿಗೆ ಹಾನಿಕರ. ಗರ್ಭಧಾರಣೆಗೆ ಮೊದಲೇ ವೈದ್ಯರು ಇವುಗಳನ್ನು ಬದಲಿಸಬೇಕು. ಮೈಕೊಫಿನೊಲೇಟನ್ನಂತೂ ಕನಿಷ್ಠ ಆರು ವಾರ ಮುಂಚೆ. ಇದಕ್ಕೆ ವಿರುದ್ಧವಾಗಿ, ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಯನ್ನು ಗರ್ಭದ ಕಾಲದಲ್ಲೂ ಮುಂದುವರಿಸಬೇಕೆಂದು ತಜ್ಞರ ಮತ. ಅದನ್ನು ನಿಲ್ಲಿಸಿದರೆ ರೋಗ ಕೆರಳುವ ಸಂಭವ ಹೆಚ್ಚು. ಅಜಥಯೊಪ್ರಿನ್ ಮತ್ತು ಅಲ್ಪ ಪ್ರಮಾಣದ ಪ್ರೆಡ್ನಿಸೊಲೋನ್‌ಗಳನ್ನೂ ಅಗತ್ಯವಿದ್ದಾಗ ಕೊಡುವುದುಂಟು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಒಂದು ತತ್ತ್ವ ಸ್ಪಷ್ಟವಾಗುತ್ತದೆ. ಅಪಾಯದ ಹೆಚ್ಚು ಕಡಮೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಗರ್ಭ ನಿಲ್ಲುವ ಸಮಯ. ರೋಗವು ಕನಿಷ್ಠ ಆರು ತಿಂಗಳು ಶಾಂತವಾಗಿದ್ದು, ಮೂತ್ರಪಿಂಡಗಳು ನೆಟ್ಟಗಿದ್ದು, ಪ್ರತಿಕಾಯಗಳ ಪರೀಕ್ಷೆ ಮುಗಿದ ಮೇಲೆ ಗರ್ಭ ಧರಿಸಿದರೆ ಶುಭವನ್ನು ನಿರೀಕ್ಷಿಸಬಹುದು. ಹೆರಿಗೆಯಾದೊಡನೆ ಎಚ್ಚರಿಕೆ ಮುಗಿಯಲಿಲ್ಲ. ಬಾಣಂತನದಲ್ಲೂ ರೋಗ ಕೆರಳಬಹುದು.

ಆದರೆ ಸಮಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಮ್ಮ ಸ್ತ್ರೀಯರಿಗೆ ಎಷ್ಟಿದೆ? ಮದುವೆಯ ಮಾತಿನಲ್ಲಿ ಹುಡುಗಿಯ ಕಾಯಿಲೆಯನ್ನು ಮುಚ್ಚಿಡುವ ಮನೆಗಳುಂಟು. ಮುಚ್ಚಿಟ್ಟ ಮೇಲೆ ಅತ್ತೆಯ ಮನೆಯಲ್ಲಿ ಮಾತ್ರೆಯನ್ನೂ ಮುಚ್ಚಿಡಬೇಕು, ಕೊನೆಗೆ ಬಿಟ್ಟೇಬಿಡಬೇಕು. ವರ್ಷದೊಳಗೆ ತೊಟ್ಟಿಲು ತೂಗಬೇಕೆಂಬ ಆತುರ ಬೇರೆ. ಬಸುರಿ ಯಾವ ಮಾತ್ರೆಯನ್ನೂ ನುಂಗಬಾರದೆಂಬ ಹಿರಿಯರ ಮಾತು ಪ್ರೀತಿಯದೇ ಆದರೂ ಇಲ್ಲಿ ಅನರ್ಥಕ್ಕೆ ಕಾರಣವಾದೀತು. ಗರ್ಭ ನಿಂತಿಲ್ಲವೆಂದು ಹಳಿಯುವುದೂ, ಗರ್ಭ ಹೋಯಿತೆಂದು ಅವಳ ಹಣೆಬರಹವನ್ನು ದೂರುವುದೂ ಅಜ್ಞಾನವೇ.

ನಮ್ಮಲ್ಲಿ ಅನೇಕರ ಮನೆಗಳಲ್ಲಿ ವೈದ್ಯರ ಚೀಟಿಯನ್ನು ಓದಬಲ್ಲವರು ನಾವೊಬ್ಬರೇ. ಔಷಧವನ್ನು ಹೇಳುವ ಅಧಿಕಾರ ನಮಗಿಲ್ಲ, ಅದು ವೈದ್ಯರದು. ಆದರೆ ‘ಕೇಳದೆ ಮಾತ್ರೆ ನಿಲ್ಲಿಸಬೇಡಿ, ಮಗು ಬೇಕೆನಿಸಿದಾಗ ಮೊದಲು ವೈದ್ಯರಿಗೆ ತಿಳಿಸಿ, ತಾಯಿ ಕಾರ್ಡ್ ಮಾಡಿಸುವಾಗ ಈ ರೋಗದ ಹೆಸರನ್ನು ಹೇಳಿ’ ಎಂಬ ಮೂರು ಮಾತುಗಳನ್ನು ಅಕ್ಕತಂಗಿಯರಿಗೂ ಅವರ ಗಂಡಂದಿರಿಗೂ ಹೇಳಬಲ್ಲೆವು. ನಾವು ಓದಿದ್ದಕ್ಕೆ ಅಷ್ಟಾದರೂ ಪ್ರಯೋಜನವಾಗಲಿ.