ಖಿನ್ನತೆಗೆ ಮಾತಿನ ಚಿಕಿತ್ಸೆ

ಖಿನ್ನತೆಗೆ ಕೊಡುವ ಮಾತಿನ ಚಿಕಿತ್ಸೆಗೆ ಕ್ರಮವಿದೆ, ಅವಧಿಯಿದೆ. ‘ಧೈರ್ಯ ತಗೋ’ ಎಂಬ ನೆಂಟರ ಬುದ್ಧಿವಾದಕ್ಕೂ ಅದಕ್ಕೂ ಸಂಬಂಧ ಕಡಿಮೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ವಿಧಾನದಲ್ಲಿ, ‘ನನ್ನಿಂದ ಏನೂ ಆಗದು’ ಎಂದು ತಾನಾಗಿ ಏಳುವ ಯೋಚನೆಯನ್ನು ರೋಗಿಯೇ ಗುರುತಿಸಿ, ಅದಕ್ಕೆ ಆಧಾರವಿದೆಯೇ ಎಂದು ಚಿಕಿತ್ಸಕರ ಜೊತೆ ಪರೀಕ್ಷಿಸುತ್ತಾರೆ. ಬಿಟ್ಟುಹೋದ ಕೆಲಸಗಳನ್ನು ಚೂರುಚೂರಾಗಿ ಮತ್ತೆ ಹಿಡಿಯುವುದು ಇದರ ಇನ್ನೊಂದು ಭಾಗ. ಕಲಬುರಗಿ ಜಿಲ್ಲೆಯ ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟದತ್ತ ಹೋಗುವುದನ್ನೇ ನಿಲ್ಲಿಸಿದ ರೈತನಿಗೆ ಮೊದಲ ವಾರದ ಗುರಿ, ಬೆಳಿಗ್ಗೆ ಹತ್ತು ನಿಮಿಷ ತೋಟ ಸುತ್ತಿ ಬರುವುದಷ್ಟೇ ಇರಬಹುದು. ಹುರುಪು ಬರಲಿ ಎಂದು ಕಾಯುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ.

ಸೌಮ್ಯ ಮತ್ತು ಮಧ್ಯಮ ಖಿನ್ನತೆಯಲ್ಲಿ ಈ ಚಿಕಿತ್ಸೆಯ ಪರಿಣಾಮ ಔಷಧಕ್ಕೆ ಹೆಚ್ಚುಕಡಿಮೆ ಸಮ. ತೀವ್ರವಾದಾಗ ಎರಡೂ ಸೇರಬೇಕು. ಕಲಿತ ಕೌಶಲ ಉಳಿಯುವುದರಿಂದ ಕಾಯಿಲೆ ಮರುಕಳಿಸುವ ಸಾಧ್ಯತೆಯೂ ತಗ್ಗುತ್ತದೆ. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 12ರಿಂದ 16 ಭೇಟಿ ಬೇಕು.

ಕಮಲಾಪುರದಿಂದ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ವಾರವಾರವೂ ಬಸ್ ಹಿಡಿಯುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಅರ್ಧಕ್ಕೆ ಬಿಡುವವರಲ್ಲಿ ಆಲಸ್ಯ ಹುಡುಕುವುದು ತಪ್ಪು. ಅಂಥವರು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಮುಂದಿನ ಭೇಟಿಗೆ ಕಾಯದೆ, ಒಬ್ಬರನ್ನೇ ಬಿಡದೆ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.