ಮಾತು ಬಾರದ ಇಲಿ ಹೇಳಿದ್ದೇನು?



ಸ್ಕಿಜೋಫ್ರೇನಿಯಾ ಒಂದು ಗಂಭೀರ ಮಾನಸಿಕ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 2.4 ಕೋಟಿ ಜನರಿಗೆ, ಅಂದರೆ ಹೆಚ್ಚುಕಡಿಮೆ 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ವಯಸ್ಸಿನಲ್ಲಿ ಇದು ಹೆಚ್ಚಾಗಿ ಶುರುವಾಗುತ್ತದೆ. ಅದು ನಮ್ಮ ವಯಸ್ಸಿನ ಆಸುಪಾಸೇ. ಯಾರೂ ಮಾತನಾಡದಿದ್ದರೂ ದನಿ ಕೇಳಿಸುವುದು, ಯಾರೋ ತನಗೆ ಕೇಡು ಮಾಡುತ್ತಿದ್ದಾರೆಂದು ಬಲವಾಗಿ ನಂಬುವುದು, ಯೋಚನೆಯ ಸರಣಿ ತಪ್ಪುವುದು ಇದರ ಮುಖ್ಯ ಲಕ್ಷಣಗಳು.

“ನನಗೆ ದನಿ ಕೇಳಿಸುತ್ತಿದೆ” ಎಂದು ಇಲಿ ಹೇಳಲಾರದು. ಆದರೂ ವಿಜ್ಞಾನಿಗಳು ಇಲಿ ಮತ್ತು ಕೋತಿಗಳಲ್ಲಿ ಈ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡುತ್ತಾರೆ. ಹೇಗೆ?

ಮಿದುಳಿನ ಲೆಕ್ಕ

ಶಬ್ದ ಕಿವಿಗೆ ಬಿದ್ದಾಗ ಮಿದುಳಿನಲ್ಲಿ ಸಣ್ಣ ವಿದ್ಯುತ್ ಅಲೆ ಏಳುತ್ತದೆ. ತಲೆಯ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಅದನ್ನು ಅಳೆಯುವ ಪರೀಕ್ಷೆಯೇ ಇಇಜಿ. ಈಗ ಒಂದೇ ಶಬ್ದವನ್ನು “ಟಿಕ್, ಟಿಕ್, ಟಿಕ್” ಎಂದು ಕೇಳಿಸುತ್ತಾ, ನಡುವೆ ಒಮ್ಮೆ “ಟೊಕ್” ಎಂದು ಬೇರೆ ಶಬ್ದ ಕೊಡೋಣ. ಕೇಳುವವನು ಪುಸ್ತಕ ಓದುತ್ತಾ ಕುಳಿತಿದ್ದರೂ, ಆ ಬದಲಾವಣೆಯಾದ ಸುಮಾರು 100ರಿಂದ 250 ಮಿಲಿಸೆಕೆಂಡಿನೊಳಗೆ ಮಿದುಳಿನಲ್ಲಿ ಒಂದು ವಿಶೇಷ ಅಲೆ ಕಾಣುತ್ತದೆ. ಇದರ ಹೆಸರು ಮಿಸ್‌ಮ್ಯಾಚ್ ನೆಗೆಟಿವಿಟಿ. ಫಿನ್ಲೆಂಡಿನ ರಿಸ್ಟೊ ನ್ಯಾಟ್ಯಾನೆನ್ ಮತ್ತು ಸಂಗಡಿಗರು 1978ರಲ್ಲಿ ಇದನ್ನು ವರದಿ ಮಾಡಿದರು.

ಕಾಮರ್ಸ್ ಓದುವ ನಮಗೆ ಇದು ಸುಲಭ. ಬಜೆಟ್‌ನಲ್ಲಿ ಅಂದಾಜು ಬರೆದಿರುತ್ತೇವೆ, ನಿಜವಾದ ಖರ್ಚು ಬೇರೆ ಬಂದರೆ ವ್ಯತ್ಯಾಸ ತೋರಿಸುತ್ತೇವೆ. ಮಿದುಳೂ ಮುಂದಿನ ಶಬ್ದವನ್ನು ಅಂದಾಜು ಮಾಡಿಕೊಂಡಿರುತ್ತದೆ. ಅಂದಾಜು ತಪ್ಪಿದರೆ ಈ ಅಲೆ ಏಳುತ್ತದೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಈ ಅಲೆ ಸಾಮಾನ್ಯವಾಗಿ ಚಿಕ್ಕದಾಗಿರುತ್ತದೆ.

ಕೋತಿಯಿಂದ ತಿಳಿದದ್ದು

ಈ ಅಲೆ ಏಳಲು ಮಾತು ಬೇಕಿಲ್ಲ, ಗಮನವೂ ಬೇಕಿಲ್ಲ. ಆದ್ದರಿಂದ ಪ್ರಾಣಿಗಳಲ್ಲೂ ಅಳೆಯಬಹುದು. ಮಿದುಳಿನ ಕೋಶಗಳು ಸಂದೇಶ ಕಳಿಸಲು ಬಳಸುವ ರಾಸಾಯನಿಕಗಳಲ್ಲಿ ಗ್ಲುಟಮೇಟ್ ಒಂದು. ಅದನ್ನು ಸ್ವೀಕರಿಸುವ ಒಂದು ಬಗೆಯ ಬಾಗಿಲಿಗೆ ಎನ್‌ಎಂಡಿಎ ಗ್ರಾಹಕ ಎನ್ನುತ್ತಾರೆ. 1996ರಲ್ಲಿ ಅಮೆರಿಕದ ಡೇನಿಯಲ್ ಜಾವಿಟ್ ಮತ್ತು ಸಂಗಡಿಗರು ಕೋತಿಗಳಲ್ಲಿ ಈ ಬಾಗಿಲನ್ನು ಔಷಧಿಯಿಂದ ಮುಚ್ಚಿದರು. ಶಬ್ದಕ್ಕೆ ಮಿದುಳಿನ ಮೊದಲ ಪ್ರತಿಕ್ರಿಯೆ ಹಾಗೆಯೇ ಇತ್ತು, ವ್ಯತ್ಯಾಸ ತೋರಿಸುವ ಅಲೆ ಮಾತ್ರ ನಿಂತುಹೋಯಿತು. ಅಂದರೆ ಕಿವಿ ಕೇಳುತ್ತಿತ್ತು, ಲೆಕ್ಕ ತಪ್ಪಿತ್ತು. 2000ದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಇದೇ ಬಾಗಿಲನ್ನು ಮುಚ್ಚುವ ಕೆಟಮಿನ್ ಕೊಟ್ಟಾಗಲೂ ಅಲೆ ಚಿಕ್ಕದಾಯಿತು.

ಇಲಿಯಿಂದ ತಿಳಿದದ್ದು

ಇನ್ನೊಂದು ಪರೀಕ್ಷೆಯಲ್ಲಿ ಅರ್ಧ ಸೆಕೆಂಡಿನ ಅಂತರದಲ್ಲಿ ಒಂದೇ ಶಬ್ದವನ್ನು ಎರಡು ಸಲ ಕೇಳಿಸುತ್ತಾರೆ. ಎರಡನೆಯದು ಹೊಸದಲ್ಲವಾದ್ದರಿಂದ ಆರೋಗ್ಯವಂತ ಮಿದುಳು ಅದಕ್ಕೆ ಕಡಿಮೆ ಉತ್ತರ ಕೊಡುತ್ತದೆ. ಸ್ಕಿಜೋಫ್ರೇನಿಯಾ ಇರುವ ಹಲವರಲ್ಲಿ ಈ ಇಳಿಕೆ ಅಷ್ಟಾಗಿ ಆಗುವುದಿಲ್ಲ. ಡಿಬಿಎ/2 ಎಂಬ ತಳಿಯ ಇಲಿಗಳಲ್ಲೂ ಹೀಗೆಯೇ. ಬೇಡದ ಶಬ್ದವನ್ನು ಸೋಸುವ ಜರಡಿ ಎಲ್ಲಿ ಹರಿದಿದೆ ಎಂದು ಹುಡುಕಲು ಈ ಇಲಿಗಳು ನೆರವಾದವು.

ಮಿತಿ ಏನು?

ಈ ಇಲಿಗಳಿಗೆ ಸ್ಕಿಜೋಫ್ರೇನಿಯಾ ಇದೆ ಎಂದಲ್ಲ. ಕಾಯಿಲೆಯ ಒಂದು ಸಣ್ಣ ಭಾಗ ಮಾತ್ರ ಅವುಗಳಲ್ಲಿ ಕಾಣುತ್ತದೆ. ಪ್ರಾಣಿಗಳಲ್ಲಿ ಆಸೆ ಹುಟ್ಟಿಸಿದ ಕೆಲವು ಔಷಧಿಗಳು ಮನುಷ್ಯರ ಮೇಲಿನ ದೊಡ್ಡ ಪ್ರಯೋಗಗಳಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ. ಶಬ್ದದ ಪರೀಕ್ಷೆಯೊಂದರಿಂದಲೇ ಯಾರಿಗೂ ಈ ಕಾಯಿಲೆ ಇದೆ ಎಂದು ಹೇಳಲೂ ಆಗದು.

ಆದರೂ ಈ ಪ್ರಯೋಗಗಳು ಒಂದು ದೊಡ್ಡ ಪಾಠ ಕಲಿಸುತ್ತವೆ. ಇಂಥವರನ್ನು ನಮ್ಮಲ್ಲಿ ಕೆಲವರು “ಸಾಯಾ ಆಗಿದೆ” ಎನ್ನುತ್ತಾರೆ, ಕೆಲವರು “ಗಾಳಿ ಸೋಕಿದೆ” ಎನ್ನುತ್ತಾರೆ, ತರಗತಿಯಲ್ಲಿ “ಪಾಗಲ್” ಎಂದು ನಗುವವರೂ ಇದ್ದಾರೆ. ಆದರೆ ಮಿಲಿಸೆಕೆಂಡಿನಲ್ಲಿ ಅಳೆಯಬಹುದಾದ ವ್ಯತ್ಯಾಸವನ್ನು ಯಾರೂ ಬೇಕೆಂದು ಮಾಡಿಕೊಳ್ಳುವುದಿಲ್ಲ. ಇದು ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಿವೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಗೆಳೆಯನೋ ಗೆಳತಿಯೋ “ಏನೋ ದನಿ ಕೇಳಿಸುತ್ತಿದೆ” ಎಂದರೆ ನಗಬೇಡಿ. ಮನೆಯವರಿಗೆ ಅಥವಾ ನಂಬಿಕೆಯ ಉಪನ್ಯಾಸಕರಿಗೆ ತಿಳಿಸಿ, ವೈದ್ಯರ ಬಳಿಗೆ ಹೋಗಲು ಜೊತೆಯಾಗಿ.